ಕುರಿ ಮತ್ತು ಮೇಕೆಗಳಲ್ಲಿ ಬಾಹ್ಯ ಪರೋಪಜೀವಿಗಳ ನಿಯಂತ್ರಣ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗದ ಕೆಂಗುರಿ ತಳಿಯು ಮಾಂಸಕ್ಕಾಗಿ ಹೆಸರಾದುದು. ಕೊಯ್ಲಾದ ಗದ್ದೆಗಳಲ್ಲಿ ಹಲವು ಹಿಂಡುಗಳು ಒಟ್ಟಿಗೆ ತಂಗುವಾಗ ಉಣ್ಣಿ, ಹೇನು, ಚಿಗಟ ಹಾಗೂ ಕಜ್ಜಿಯ ನುಸಿಗಳು ಒಂದರಿಂದ ಇನ್ನೊಂದಕ್ಕೆ ಹರಡುತ್ತವೆ.

ಉಣ್ಣಿಗಳು ರಕ್ತ ಹೀರುವುದರಿಂದ ಮರಿಗಳು ರಕ್ತಹೀನತೆಗೆ ಒಳಗಾಗಿ ಸಾಯುವುದುಂಟು. ಕೆಲವು ಜಾತಿಯ ಉಣ್ಣಿಗಳು ಥೈಲೇರಿಯಾದಂತಹ ರೋಗಾಣುಗಳನ್ನೂ ಸಾಗಿಸುತ್ತವೆ. ಕಜ್ಜಿಯಾದ ಕುರಿಯ ಮೂತಿ ಹಾಗೂ ಕಿವಿಯ ಚರ್ಮವು ದಪ್ಪಗಾಗಿ ಹೊಪ್ಪಳೆ ಕಟ್ಟುತ್ತದೆ. ಇದು ಕುರಿಗಾರರ ಕೈಗೂ ತಗುಲಿ ತುರಿಕೆಯನ್ನುಂಟುಮಾಡಬಹುದು.

ಚಿಕಿತ್ಸೆಯನ್ನು ಪಶುವೈದ್ಯರ ಸಲಹೆಯಂತೆಯೇ ಮಾಡತಕ್ಕದ್ದು. ಶೇ. 1.25ರ ಡೆಲ್ಟಾಮೆಥ್ರಿನ್ ಔಷಧಿಯನ್ನು ಉಣ್ಣಿಗೆ ಸಾಮಾನ್ಯವಾಗಿ ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿ ಸಿಂಪಡಿಸಲಾಗುವುದು. ಕಜ್ಜಿಗೆ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಪ್ರತಿ ಕಿ.ಗ್ರಾಂ. ದೇಹತೂಕಕ್ಕೆ 0.2 ಮಿ.ಗ್ರಾಂ.ನಂತೆ ಚರ್ಮದಡಿಯಲ್ಲಿ ನೀಡಲಾಗುತ್ತದೆ. ಆದರೆ ಕಚ್ಚುವ ಹೇನುಗಳ ಮೇಲೆ ಇದರ ಪರಿಣಾಮ ಅಲ್ಪ. ಔಷಧಿಯಿಂದ ಮೊಟ್ಟೆಗಳು ಸಾಯದ ಕಾರಣ ಹೇನಿಗೆ ಸುಮಾರು ಎರಡು ವಾರಗಳ ನಂತರ ಮರುಚಿಕಿತ್ಸೆ ಅವಶ್ಯ. ಸೊರಗಿದ ನಾಲ್ಕಾರು ಕುರಿಗಳಿಗಷ್ಟೇ ಔಷಧಿ ಹಾಕಿದರೆ ಹಣ ವ್ಯರ್ಥವೇ ಸರಿ. ಇಡೀ ಹಿಂಡಿಗೆ ಒಂದೇ ದಿನ ಚಿಕಿತ್ಸೆ ಆಗಬೇಕು. ಉಣ್ಣಿಗಳು ಮೊಟ್ಟೆಯಿಡುವುದು ಗೋಡೆಯ ಬಿರುಕು ಹಾಗೂ ನೆಲದಲ್ಲಿ. ಆದುದರಿಂದ ದೊಡ್ಡಿಯ ಗೊಬ್ಬರ ತೆಗೆದು, ಬಿರುಕು ಮುಚ್ಚಿ, ಸುಣ್ಣ ಬಳಿಯತಕ್ಕದ್ದು.

ಬೆಳೆಗೆಂದು ತಂದ ಕೀಟನಾಶಕವನ್ನು ಕುರಿಗಳಿಗೆ ಬಳಿಯುವುದು ಅತ್ಯಂತ ಅಪಾಯಕಾರಿ; ಉಣ್ಣಿಯ ಜೊತೆಗೆ ಕುರಿಯೂ ಸಾಯಬಹುದು. ಸಿಂಪಡಣೆಗೆ ಮೊದಲು ಕುರಿಗಳಿಗೆ ಹೊಟ್ಟೆ ತುಂಬ ನೀರು ಕುಡಿಸಬೇಕು. ಬಾಯಾರಿದ ಕುರಿಯು ಮೈಮೇಲಿನ ದ್ರಾವಣವನ್ನು ನೆಕ್ಕುತ್ತದೆ. ಉರಿಬಿಸಿಲಿನಲ್ಲಿ, ಮಳೆಯ ಮುನ್ಸೂಚನೆಯಿರುವಾಗ ಹಾಗೂ ಗಾಯಗಳಿರುವ ಕುರಿಗಳಿಗೆ ಸಿಂಪಡಿಸಬಾರದು. ಅಮಿಟ್ರಾಜ್ ಔಷಧಿಯು ಕುದುರೆ, ಕತ್ತೆಗಳಿಗೆ ವಿಷಕಾರಿಯಾದುದರಿಂದ ಹೇರು ಹೊರುವ ಪ್ರಾಣಿಗಳಿಗೆ ಅದನ್ನು ತಾಗಿಸತಕ್ಕದ್ದಲ್ಲ. ಸಿಂಪಡಿಸುವವರು ಕೈಗವಸು ಹಾಗೂ ಮುಖಗವಸು ಧರಿಸತಕ್ಕದ್ದು. ಉಳಿದ ದ್ರಾವಣವು ಮೀನುಗಳಿಗೆ ಮಾರಕವಾದುದರಿಂದ ಕೆರೆ, ಕಾಲುವೆಗಳಿಗೆ ಸುರಿಯಬಾರದು.

ಸಂತೆಗೆ ಹೊರಡುವ ಮುನ್ನ ಕುರಿ ಅಂದವಾಗಿ ಕಾಣಲೆಂದು ಔಷಧಿ ಹಾಕಿಸುವ ರೂಢಿ ಸರಿಯಲ್ಲ. ಔಷಧಿಯ ಲೇಬಲ್ಲಿನಲ್ಲಿ ನಮೂದಿಸಿದ ಅವಧಿ ಮುಗಿಯುವವರೆಗೆ ಮಾಂಸಕ್ಕಾಗಿ ಮಾರತಕ್ಕದ್ದಲ್ಲ.

ಸೇವೆಗಾಗಿ ಸಮೀಪದ ಪಶು ಚಿಕಿತ್ಸಾಲಯ ಅಥವಾ ಆಯಾ ತಾಲ್ಲೂಕಿನ ಪಶು ಆಸ್ಪತ್ರೆಯನ್ನು ಸಂಪರ್ಕಿಸುವುದು. ಹಿಂಡಿನ ಸಂಖ್ಯೆ, ಮರಿಗಳ ವಯಸ್ಸು, ಗರ್ಭ ಧರಿಸಿದ ಕುರಿಗಳು ಹಾಗೂ ಹಿಂದೆ ಬಳಸಿದ ಔಷಧಿಯ ಹೆಸರನ್ನು ತಿಳಿಸತಕ್ಕದ್ದು. ಖಾಲಿ ಸೀಸೆಯಿದ್ದಲ್ಲಿ ಅದನ್ನೇ ತರುವುದು ಒಳಿತು. ವಿಷಬಾಧೆಯಾದಲ್ಲಿ ತಡಮಾಡದೆ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡುವುದು.