ಅಸಲಿ ಕಂಪನಿ ಯಾವುದು? - ನಮ್ಮ ಜಗಲಿಯ ಒಂದು ಹಳೆಯ ಜಗಳ



ಕಳೆದ ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬಲಸಮುದ್ರಕ್ಕೆ ನಮ್ಮನ್ನು ನೋಡಲು ಬಂದಿದ್ದ. ಜೊತೆಯಲ್ಲಿ ಅವನ ಕಚೇರಿಯ ಗೆಳೆಯನೂ ಇದ್ದ. ಕಾಫಿ ಕುಡಿಯುತ್ತ ಜಗಲಿಯ ಮೇಲೆ ಕುಳಿತಿದ್ದವರು ಇದ್ದಕ್ಕಿದ್ದಂತೆ ವಾದಕ್ಕೆ ನಿಂತರು. ವಾದ ರಾಜಕೀಯದ್ದಲ್ಲ, ಕ್ರಿಕೆಟ್ಟಿನದೂ ಅಲ್ಲ. 'ಜೆನೆಸಿಸ್' ಎಂಬ ಇಂಗ್ಲೆಂಡಿನ ಸಂಗೀತ ತಂಡದ್ದು. "ಆ ತಂಡ 1975ಕ್ಕೇ ಮುಗಿಯಿತು" ಎಂದು ನನ್ನ ವಿದ್ಯಾರ್ಥಿ. "ಮುಗಿದಿದ್ದರೆ ನಾವ್ಯಾರೂ ಅದರ ಹೆಸರನ್ನೇ ಕೇಳುತ್ತಿರಲಿಲ್ಲ" ಎಂದು ಅವನ ಗೆಳೆಯ.

ನನಗೆ ಆ ಸಂಗೀತದ ಗಂಧವಿಲ್ಲ. ಮೇಷ್ಟರ ಚಟ ಬಿಡಬೇಕಲ್ಲ, ವಿವರವಾಗಿ ಹೇಳಿರಪ್ಪ ಎಂದೆ. ಅವರು ಹೇಳಿದ್ದರ ಸಾರಾಂಶ ಇದು. 1967ರಲ್ಲಿ ಚಾರ್ಟರ್‌ಹೌಸ್ ಎಂಬ ಶಾಲೆಯ ಹುಡುಗರು ಕೂಡಿ ಕಟ್ಟಿದ ತಂಡ ಅದು. ಮೂರು ನಿಮಿಷದ ಹಾಡಿಗೆ ತೃಪ್ತರಾಗದೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಕಥೆಯನ್ನೂ ಬೆರೆಸಿ ದೀರ್ಘವಾದ ಹಾಡುಗಳನ್ನು ಕಟ್ಟುವ 'ಪ್ರೊಗ್ರೆಸಿವ್ ರಾಕ್' ಎಂಬ ಪಂಥಕ್ಕೆ ಸೇರಿದ್ದು. ಗಾಯಕ ಪೀಟರ್ ಗೇಬ್ರಿಯಲ್ ನರಿಯ ಮುಖವಾಡ ಧರಿಸಿ, ಹೆಂಗಸರ ಕೆಂಪು ಉಡುಪು ತೊಟ್ಟು ವೇದಿಕೆಗೆ ಬರುತ್ತಿದ್ದನಂತೆ. 1975ರಲ್ಲಿ ಅವನು ತಂಡ ಬಿಟ್ಟ. ಹಿಂದೆ ಕುಳಿತು ಡ್ರಮ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮುಂದೆ ಬಂದು ಹಾಡತೊಡಗಿದ. ಕ್ರಮೇಣ ಹಾಡುಗಳು ಚಿಕ್ಕವಾದವು, ಸರಳವಾದವು, ಕೇಳುಗರು ಅಪಾರವಾಗಿ ಹೆಚ್ಚಿದರು. ಹಳೆಯ ಅಭಿಮಾನಿಗಳು ಮಾತ್ರ "ಇದು ನಮ್ಮ ತಂಡವಲ್ಲ" ಎಂದರು. ಆ ವಾದ ಅರ್ಧ ಶತಮಾನ ಕಳೆದರೂ ನಿಂತಿಲ್ಲ.

ನಾನು ನಕ್ಕುಬಿಟ್ಟೆ. ಏಕೆಂದರೆ ಇದೇ ಜಗಳವನ್ನು ಇದೇ ಜಗಲಿಯ ಮೇಲೆ ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ಆಗ ವಾದಿಸುತ್ತಿದ್ದವರು ನಮ್ಮ ತಂದೆ ಮತ್ತು ದೊಡ್ಡಪ್ಪ. ವಿಷಯ ನಮ್ಮ ಜಿಲ್ಲೆಯದೇ ಆದ ಗುಬ್ಬಿ ಕಂಪನಿ.

ತಂದೆಗೂ ದೊಡ್ಡಪ್ಪನಿಗೂ ಹದಿನೇಳು ವರ್ಷಗಳ ಅಂತರ. ಇಬ್ಬರೂ ತಮ್ಮ ತಮ್ಮ ಪ್ರಾಯದಲ್ಲಿ ಗಾಡಿ ಕಟ್ಟಿಕೊಂಡು ತುಮಕೂರಿಗೆ ಹೋಗಿ, ಇಡೀ ರಾತ್ರಿ ನಾಟಕ ನೋಡಿ ಬಂದವರು. ಆದರೆ ಅವರು ನೋಡಿದ ಕಂಪನಿ ಒಂದೇ ಆಗಿರಲಿಲ್ಲ. ದೊಡ್ಡಪ್ಪ ನೋಡಿದ್ದು ಗಂಡಸರೇ ಸೀರೆಯುಟ್ಟು ರಾಣಿಯರಾಗುತ್ತಿದ್ದ ಕಾಲದ ಕಂಪನಿಯನ್ನು. ಆಗ ಹಾಡೇ ನಾಟಕದ ಜೀವ. ಪ್ರೇಕ್ಷಕರು 'ಒನ್ಸ್ ಮೋರ್' ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಪುನಃ ಸಾಯಬೇಕು. ತಂದೆ ನೋಡಿದ್ದು ಸ್ತ್ರೀ ಪಾತ್ರಗಳನ್ನು ಸ್ತ್ರೀಯರೇ ವಹಿಸತೊಡಗಿದ ಮೇಲಿನ ಕಂಪನಿಯನ್ನು, ಬಿ. ಜಯಮ್ಮನವರು ಹಾಡಿ ಅಭಿನಯಿಸುತ್ತಿದ್ದ, 'ಕುರುಕ್ಷೇತ್ರ' ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬರುತ್ತಿದ್ದ ಕಂಪನಿಯನ್ನು.

"ನೀನು ನಾಟಕ ನೋಡೋಕೆ ಹೋಗಿದ್ಯೋ, ಆನೆ ನೋಡೋಕೆ ಹೋಗಿದ್ಯೋ? ಆನೆ ಬಂದ ದಿನವೇ ಹಾಡು ಹೋಯ್ತು ಕಣೋ" ಎಂದು ದೊಡ್ಡಪ್ಪ.

"ಅಣ್ಣಯ್ಯ, ಮೀಸೆ ಬೋಳಿಸಿದ ದಮಯಂತಿಯನ್ನ ನೀವೇ ಇಟ್ಕೊಳ್ಳಿ. ಜಯಮ್ಮನ ಹಾಡು ಒಂದು ಸಲ ಕೇಳಿದ್ದಿದ್ರೆ ಈ ಮಾತು ಆಡ್ತಿರಲಿಲ್ಲ" ಎಂದು ತಂದೆ.

ಒಂದು ಯುಗಾದಿಯ ಸಂಜೆ ಮಾತು ಮಿತಿಮೀರಿತು. "ನಮ್ಮ ಕಾಲದ್ದು ಕಲೆ, ನಿಮ್ಮದು ಸರ್ಕಸ್ಸು" ಎಂದು ದೊಡ್ಡಪ್ಪ ಎದ್ದು ಹೋದರು. ಆಮೇಲೆ ತಿಂಗಳುಗಟ್ಟಲೆ ನಮ್ಮ ಜಗಲಿ ಹತ್ತಲಿಲ್ಲ. ದೊಡ್ಡಮ್ಮ ಮಾತ್ರ ಹಿತ್ತಿಲ ಬಾಗಿಲಿನಿಂದ ಬಂದು ಅಮ್ಮನೊಡನೆ ಮಾತಾಡಿ ಹೋಗುತ್ತಿದ್ದರು. ನಾಟಕ ಕಂಪನಿಗಾಗಿ ಅಣ್ಣತಮ್ಮಂದಿರು ಮಾತು ಬಿಡುವುದುಂಟೆ ಎಂದು ಊರವರು ನಗುತ್ತಿದ್ದರು. ಹುಡುಗನಾದ ನನಗೆ ನಗು ಬರುತ್ತಿರಲಿಲ್ಲ; ದೊಡ್ಡಪ್ಪನ ಕಿಸೆಯ ಹುರಿಗಡಲೆ ನಿಂತುಹೋಗಿತ್ತು.

ಮುಂದೆ ಇತಿಹಾಸ ಪಾಠ ಮಾಡುವ ಮೇಷ್ಟರಾದ ಮೇಲೆ ಈ ಕಂಪನಿಯ ಚರಿತ್ರೆಯನ್ನು ಓದಿದೆ. ಆಗ ತಿಳಿದ ಒಂದು ಸಂಗತಿ ಇಬ್ಬರ ವಾದವನ್ನೂ ತಲೆಕೆಳಗು ಮಾಡುತ್ತದೆ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಸ್ಥಾಪನೆಯಾದದ್ದು 1884ರಲ್ಲಿ. ಯಾರ ಹೆಸರಿಲ್ಲದೆ ನಾವು ಈ ಕಂಪನಿಯನ್ನು ನೆನೆಯಲಾರೆವೋ ಆ ಗುಬ್ಬಿ ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅಂದರೆ ಕಂಪನಿಗೆ ಏಳು ವರ್ಷ ತುಂಬಿದ ಮೇಲೆ! ಅವರು ಸ್ಥಾಪಕರಲ್ಲ; ಬಾಲನಟನಾಗಿ ಸೇರಿ, ಬೆಳೆದು, ಮಾಲೀಕರಾದವರು. ದೊಡ್ಡಪ್ಪನ 'ಅಸಲಿ ಕಂಪನಿ'ಯೇ ಮೊದಲಿನ ಕಂಪನಿಯಾಗಿರಲಿಲ್ಲ. 1884ರ ನಾಟಕ ಕಂಡವರಾರಾದರೂ ನಮ್ಮ ಜಗಲಿಯಲ್ಲಿದ್ದಿದ್ದರೆ ದೊಡ್ಡಪ್ಪನನ್ನೂ ಗದರಿಸುತ್ತಿದ್ದರೇನೋ.

ಇನ್ನು ಆನೆಯ ವಿಚಾರ. ವೀರಣ್ಣನವರು ಆಡಂಬರದ ಮೋಹದಿಂದಷ್ಟೇ ಆನೆ ತಂದರೆಂದು ನನಗೆ ಅನಿಸುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಪರದೆಯ ಮೇಲೆ ಚಿತ್ರಗಳು ಮಾತಾಡತೊಡಗಿದಾಗ, ನೂರಾರು ಜನರಿಗೆ ದಿನವೂ ಅನ್ನ ಹಾಕಬೇಕಾದ ಕಂಪನಿಯ ಯಜಮಾನ ಏನು ಮಾಡಬೇಕು? ಪರದೆಯಲ್ಲಿ ಆನೆಯ ನೆರಳು ಮಾತ್ರ ಕಾಣುತ್ತದೆ. ನಮ್ಮಲ್ಲಿ ಆನೆಯೇ ಬರುತ್ತದೆ ಎಂದು ತೋರಿಸಬೇಕಾಗಿತ್ತು. ಇದು ನನ್ನ ಊಹೆ. ಆದರೆ ಸಂಸಾರ ನಡೆಸಿದವರಿಗೆ ಒಪ್ಪಿಗೆಯಾಗುವ ಊಹೆ ಎಂದುಕೊಂಡಿದ್ದೇನೆ. ಕಲಾವಿದರ ಶೈಲಿ ಬದಲಾಗುವುದು ಮನಸ್ಸು ಬದಲಾದದ್ದರಿಂದ ಮಾತ್ರವಲ್ಲ, ಕಾಲ ಬಂದು ಬಾಗಿಲು ಬಡಿದದ್ದರಿಂದಲೂ ಹೌದು.

ಕೊನೆಗೆ ವೀರಣ್ಣನವರು ಸಿನಿಮಾದೊಡನೆ ಹೋರಾಡುವುದಷ್ಟೇ ಅಲ್ಲ, ಅದರೊಳಗೇ ಹೊಕ್ಕರು. 1954ರ 'ಬೇಡರ ಕಣ್ಣಪ್ಪ' ಅವರ ಸಂಸ್ಥೆಯ ಚಿತ್ರ. ಅದರಲ್ಲಿ ಅಭಿನಯಿಸಿದ ರಾಜ್‌ಕುಮಾರ್, ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ - ಮೂವರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ರಾಜ್‌ಕುಮಾರರ ತಂದೆ ಪುಟ್ಟಸ್ವಾಮಯ್ಯನವರೂ ಅದೇ ಕಂಪನಿಯ ನಟರು. ಮನೆ ಬಿಟ್ಟು ಬಂದು ಕಂಪನಿ ಸೇರಿದ ಬಿ.ವಿ. ಕಾರಂತರನ್ನು ವೀರಣ್ಣನವರು ಹೆಚ್ಚಿನ ಓದಿಗೆ ಕಾಶಿಗೆ ಕಳುಹಿಸಿದರು. ಮುಂದೆ ಕಾರಂತರು ಹವ್ಯಾಸಿ ರಂಗಭೂಮಿಯ ರೂಪವನ್ನೇ ಬದಲಿಸಿದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು 'ಸ್ಪಂದನ' ತಂಡವನ್ನು ಕಟ್ಟಿ, ಕಂಪನಿ ನಾಟಕದ ಗಾಯನವನ್ನು ಇಂದಿನವರ ಕಿವಿಗೂ ತಲುಪಿಸಿದರು. ಇವರಾರೂ ಹಳೆಯದನ್ನು ಇದ್ದಂತೆಯೇ ಒಪ್ಪಿಸಲಿಲ್ಲ. ಆದರೂ ಇವರಲ್ಲಿ ಗುಬ್ಬಿ ಇಲ್ಲವೆಂದು ಯಾರು ಹೇಳಬಲ್ಲರು?

ನಮ್ಮ ಸೀಮೆಯ ತೇರುಗಳನ್ನು ನೀವು ನೋಡಿದ್ದೀರಿ. ಒಮ್ಮೆ ಗಾಲಿ ಹೊಸದಾಗುತ್ತದೆ, ಒಮ್ಮೆ ಅಚ್ಚು, ಇನ್ನೊಮ್ಮೆ ಹಗ್ಗ. ಎಳೆಯುವ ಕೈಗಳಂತೂ ತಲೆಮಾರಿಗೊಮ್ಮೆ ಬದಲಾಗುತ್ತವೆ. ಆದರೂ ಅದು ಅದೇ ತೇರು. ನಿಲ್ಲದೆ ಎಳೆದದ್ದರಿಂದ ಅದು ಅದೇ ತೇರು; ಎಳೆಯುವುದನ್ನು ಬಿಟ್ಟರೆ, ಮರ ಹಳೆಯದೇ ಆಗಿದ್ದರೂ ಅದು ಬರಿಯ ಮರ.

ಹಾಗೆಂದು ದೊಡ್ಡಪ್ಪನದು ಬರಿಯ ಹಠವಾಗಿತ್ತು ಎಂದು ನಾನು ಹೇಳಲಾರೆ. ಬದಲಾವಣೆಯಲ್ಲಿ ಕಳೆದುಹೋಗುವುದೂ ಇರುತ್ತದೆ. ಆನೆಯ ಗದ್ದಲದಲ್ಲಿ ಒಂದು ಬಗೆಯ ಹಾಡುಗಾರಿಕೆ ಹಿಂದೆ ಸರಿದಿರಬಹುದು. ಅದನ್ನು ಕೇಳಿದ ಕಿವಿಗಳು ಕಡಿಮೆಯಾಗುತ್ತ ಬಂದಾಗ, ಉಳಿದ ಒಂದು ಕಿವಿ ಜೋರಾಗಿಯೇ ದೂರು ಹೇಳಬೇಕಾಗುತ್ತದೆ. ಆಗ ನನಗೆ ಇದು ತಿಳಿಯುತ್ತಿರಲಿಲ್ಲ.

1972ರಲ್ಲಿ ವೀರಣ್ಣನವರು ತೀರಿಕೊಂಡರು. ನಾನಾಗ ಹನ್ನೆರಡರ ಹುಡುಗ. ಸುದ್ದಿ ತಿಳಿದ ಸಂಜೆ ದೊಡ್ಡಪ್ಪ ಸದ್ದಿಲ್ಲದೆ ಬಂದು ಜಗಲಿಯ ಮೇಲೆ ಕುಳಿತರು. ತಂದೆ ಒಳಗಿನಿಂದ ಬಂದು ಪಕ್ಕದಲ್ಲಿ ಕುಳಿತರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ದೊಡ್ಡಪ್ಪ, "ಸದಾರಮೆಯ ಕಳ್ಳ ಹೋದ್ನಲ್ಲೋ" ಎಂದರು. 'ಸದಾರಮೆ' ನಾಟಕದಲ್ಲಿ ವೀರಣ್ಣನವರ ಕಳ್ಳನ ಪಾತ್ರ ನಾಡಿನಲ್ಲೆಲ್ಲ ಹೆಸರಾಗಿತ್ತು. ತಂದೆ, "ನಾನೂ ನೋಡಿದೀನಿ ಅಣ್ಣಯ್ಯ" ಎಂದರು. ಒಬ್ಬರು ಕಳ್ಳನ ನಡಿಗೆಯನ್ನು ನೆನೆದರೆ ಇನ್ನೊಬ್ಬರು ಅವನ ಮಾತನ್ನು ನೆನೆದರು. ಇಬ್ಬರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಹೊರಡುವಾಗ ದೊಡ್ಡಪ್ಪ ನನ್ನ ಕೈಗೆ ಹುರಿಗಡಲೆ ಹಾಕಿದರು.

ಈ ಕಥೆಯನ್ನು ಹೇಳಿ ಮುಗಿಸಿದಾಗ ನನ್ನ ವಿದ್ಯಾರ್ಥಿ ಒಂದು ಸಂಗತಿ ತಿಳಿಸಿದ. 2022ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಜೆನೆಸಿಸ್ ತನ್ನ ಕೊನೆಯ ಕಛೇರಿ ನಡೆಸಿತಂತೆ. ಆರೋಗ್ಯ ಕೆಟ್ಟಿದ್ದ ಕಾಲಿನ್ಸ್ ಕುರ್ಚಿಯಲ್ಲಿ ಕುಳಿತೇ ಹಾಡಿದ. ಅವನ ಮಗ ಡ್ರಮ್ ಬಾರಿಸಿದ. 1975ರಲ್ಲಿ ತಂಡ ಬಿಟ್ಟಿದ್ದ ಗೇಬ್ರಿಯಲ್ ಅಂದು ಪ್ರೇಕ್ಷಕರ ನಡುವೆ ಬಂದು ಕುಳಿತಿದ್ದನಂತೆ. ಇಷ್ಟು ಹೇಳಿ ಹುಡುಗ ಗೆಳೆಯನ ಮುಖ ನೋಡಿದ. ಆ ಮೇಲೆ ಇಬ್ಬರೂ ವಾದ ಮುಂದುವರಿಸಲಿಲ್ಲ. ಬೆಂಗಳೂರು ತಲುಪಿದ ಮೇಲೆ ಮುಂದುವರಿಸಿರಬಹುದು!

ನಿಮ್ಮ ಮನೆಗಳಲ್ಲಿಯೂ ಗುಬ್ಬಿ ಕಂಪನಿಯನ್ನು ನೋಡಿದ ಹಿರಿಯರು ಒಬ್ಬಿಬ್ಬರಾದರೂ ಇದ್ದಾರು. ಅವರು ಕಂಡದ್ದು ಯಾವ ನಾಟಕ, ಯಾವ ಪಾತ್ರ ಎಂದು ಕೇಳಿಟ್ಟುಕೊಳ್ಳಿ. "ನಮ್ಮ ಕಾಲದ್ದೇ ಅಸಲಿ" ಎಂದು ಅವರು ಹಠ ಹಿಡಿದರೆ ಎದುರಾಡಬೇಡಿ. ಅವರು ಕಂಡದ್ದಂತೂ ನಿಜ.