ಕೋಶಕ್ಕೂ ಒಂದು ಲೆಕ್ಕ

1912ರ ಜನವರಿಯಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಫ್ರೆಂಚ್ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್ ಕೋಳಿಭ್ರೂಣದ ಹೃದಯದ ಚೂರೊಂದನ್ನು ಗಾಜಿನ ಪಾತ್ರೆಯಲ್ಲಿ ಬೆಳೆಯಲು ಇಟ್ಟರು. ರಕ್ತನಾಳ ಹೊಲಿಯುವ ವಿಧಾನಕ್ಕಾಗಿ ಅದೇ ವರ್ಷ ಅವರಿಗೆ ನೊಬೆಲ್ ಬಂತು. ಆ ಚೂರಿನಿಂದ ಬೆಳೆದ ಕೋಶಗಳನ್ನು 1946ರವರೆಗೆ ಸಾಕಲಾಯಿತು. ಅಷ್ಟರಲ್ಲಿ ಕ್ಯಾರೆಲ್ ತೀರಿಕೊಂಡು ಸುಮಾರು ಒಂದೂವರೆ ವರ್ಷವಾಗಿತ್ತು. ಯಾವ ಕೋಳಿಯೂ 34 ವರ್ಷ ಬದುಕುವುದಿಲ್ಲ. ಹಾಗಾಗಿ ವಿಜ್ಞಾನಿಗಳು ಒಂದು ತೀರ್ಮಾನಕ್ಕೆ ಬಂದರು: ಮುಪ್ಪು ದೇಹದ್ದು, ಕೋಶದ್ದಲ್ಲ. ಸರಿಯಾಗಿ ಉಣಿಸಿದರೆ ಕೋಶ ಸಾಯುವುದೇ ಇಲ್ಲ.

ಬೇರೆ ಪ್ರಯೋಗಾಲಯಗಳಲ್ಲಿ ಕೋಶಗಳು ಸಾಯುತ್ತಲೇ ಇದ್ದವು. ಆದರೆ ನೊಬೆಲ್ ಪಡೆದವರ ಮಾತಿನ ಮುಂದೆ ಸಾಕಿದವರು ತಮ್ಮನ್ನೇ ಬೈದುಕೊಂಡರು: ಗಾಜು ಸರಿಯಾಗಿ ತೊಳೆದಿಲ್ಲ, ಪೋಷಕ ದ್ರವದ ಹದ ತಪ್ಪಿದೆ, ಕೈಗುಣ ನೆಟ್ಟಗಿಲ್ಲ.

ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಲಿಯೊನಾರ್ಡ್ ಹೇಫ್ಲಿಕ್ ಮುಪ್ಪನ್ನು ಹುಡುಕಿ ಹೊರಟವರಲ್ಲ. ಮನುಷ್ಯರ ಕ್ಯಾನ್ಸರಿಗೆ ವೈರಸ್ ಕಾರಣವೇ ಎಂದು ಪರೀಕ್ಷಿಸಲು ಅವರಿಗೆ ಆರೋಗ್ಯವಂತ ಕೋಶಗಳು ಬೇಕಿದ್ದವು. ಭ್ರೂಣದಿಂದ ತೆಗೆದು ಬೆಳೆಸಿದ ಕೋಶಗಳು ತಿಂಗಳುಗಟ್ಟಲೆ ದುಪ್ಪಟ್ಟಾಗುತ್ತಾ ಹೋಗಿ, ಸುಮಾರು 50 ಸಲ ಆದಮೇಲೆ ನಿಂತುಬಿಡುತ್ತಿದ್ದವು. ನಿಲ್ಲುತ್ತಿದ್ದುದು ಹಳೆಯವು ಮಾತ್ರ. ಅದೇ ಕೈ, ಅದೇ ದ್ರವದಲ್ಲಿ ಪಕ್ಕದ ಹೊಸ ಕೋಶಗಳು ಚೆನ್ನಾಗಿಯೇ ಇದ್ದವು.

ಕ್ರೋಮೋಸೋಮ್ ತಜ್ಞ ಪಾಲ್ ಮೂರ್‌ಹೆಡ್ ಜೊತೆ ಸೇರಿ ಅವರೊಂದು ಸರಳ ಪ್ರಯೋಗ ಮಾಡಿದರು. ಹೆಚ್ಚು ಸಲ ವಿಭಜಿಸಿದ್ದ ಗಂಡು ಕೋಶಗಳನ್ನೂ ಕಡಿಮೆ ಸಲ ವಿಭಜಿಸಿದ್ದ ಹೆಣ್ಣು ಕೋಶಗಳನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿಟ್ಟರು. ಕೆಲಕಾಲದ ನಂತರ ನೋಡಿದರೆ ಉಳಿದಿದ್ದವು ಹೆಣ್ಣು ಕೋಶಗಳು ಮಾತ್ರ. ತಪ್ಪು ದ್ರವದ್ದಾಗಿದ್ದರೆ ಎರಡೂ ಸಾಯಬೇಕಿತ್ತು. ಅಂದರೆ ಲೆಕ್ಕ ಇದ್ದದ್ದು ಕೋಶದ ಒಳಗೇ.

ಈ ಪ್ರಬಂಧವನ್ನು ಮೊದಲು ಕಳಿಸಿದ ಪತ್ರಿಕೆ ತಿರಸ್ಕರಿಸಿತು. ಸಂಪಾದಕರು ಪೇಟನ್ ರೌಸ್. ಕೋಳಿಯ ಕ್ಯಾನ್ಸರಿಗೆ ವೈರಸ್ ಕಾರಣವೆಂದು 1911ರಲ್ಲಿ ತೋರಿಸಿ, ದಶಕಗಳ ಕಾಲ ಯಾರೂ ನಂಬದೆ, 1966ರಲ್ಲಿ ನೊಬೆಲ್ ಪಡೆದವರು. ಹೇಫ್ಲಿಕ್ ಪ್ರಬಂಧ 1961ರಲ್ಲಿ ಬೇರೆ ಪತ್ರಿಕೆಯಲ್ಲಿ ಬಂತು. ಕ್ಯಾರೆಲ್ ಫಲಿತಾಂಶವನ್ನು ಮತ್ತೆ ಯಾರಿಗೂ ಪಡೆಯಲಾಗಲಿಲ್ಲ. ಉಣಿಸುತ್ತಿದ್ದ ಭ್ರೂಣರಸದ ಜೊತೆ ಹೊಸ ಕೋಶಗಳೂ ಪಾತ್ರೆಗೆ ಸೇರುತ್ತಿದ್ದಿರಬೇಕು ಎಂಬುದು ಹೇಫ್ಲಿಕ್ ವಿವರಣೆ.

ಲೆಕ್ಕ ಇಡುವುದು ಯಾವುದು? 1971ರಲ್ಲಿ ಮಾಸ್ಕೋದ ಅಲೆಕ್ಸಿ ಓಲೊವ್ನಿಕೊವ್ ಒಂದು ಊಹೆ ಮುಂದಿಟ್ಟರು: ಪ್ರತಿ ನಕಲಿನಲ್ಲೂ ಡಿಎನ್‌ಎಯ ತುದಿ ಚೂರು ಚೂರೇ ಮೊಟಕಾಗುತ್ತದೆ. ಆ ತುದಿಯೇ ಟೆಲೊಮಿಯರ್. ಅದನ್ನು ಮತ್ತೆ ಬೆಳೆಸುವ ಟೆಲೊಮರೇಸ್ ಎಂಬ ಕಿಣ್ವವನ್ನು 1984ರಲ್ಲಿ ಕ್ಯಾರಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಕೆರೆನೀರಿನ ಒಂದು ಏಕಕೋಶ ಜೀವಿಯಲ್ಲಿ ಕಂಡುಹಿಡಿದರು. ನಮ್ಮ ಬಹುತೇಕ ಕೋಶಗಳಲ್ಲಿ ಈ ಕಿಣ್ವ ಕೆಲಸ ಮಾಡುವುದಿಲ್ಲ. ಆದರೆ ಹತ್ತರಲ್ಲಿ ಸುಮಾರು ಒಂಬತ್ತು ಕ್ಯಾನ್ಸರ್ ಗೆಡ್ಡೆಗಳಲ್ಲಿ ಅದು ಎಚ್ಚರವಾಗಿರುತ್ತದೆ.

1951ರಲ್ಲಿ ಬಾಲ್ಟಿಮೋರಿನ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ, ಅವರನ್ನು ಕೇಳದೆ ತೆಗೆದ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ವಿಭಜಿಸುತ್ತಿವೆ. ಇಂಥ ಕೋಶಗಳಿಗೆ ಜೀವವಿಜ್ಞಾನದಲ್ಲಿ ಅಮರ ಎಂದೇ ಹೆಸರು. ದೇವತೆಗಳಿಗೂ ಹುತಾತ್ಮರಿಗೂ ಸಲ್ಲುವ ಪದವನ್ನು ಗೆಡ್ಡೆಗೆ ಬರೆಯುವಾಗ ಅನುವಾದಕಿಯ ಕೈ ತಡೆಯುತ್ತದೆ. ಆದರೆ ಸಾವಿಲ್ಲದ ಬದುಕನ್ನು ವರವೆಂದಷ್ಟೇ ಕಂಡ ಪರಂಪರೆ ನಮ್ಮದಲ್ಲ. ಚಿರಂಜೀವಿಗಳ ಸಾಲಿನಲ್ಲಿ ಮಾಯದ ಗಾಯ ಹೊತ್ತು ಅಲೆಯುವ ಅಶ್ವತ್ಥಾಮನೂ ಇದ್ದಾನೆ.

ಕೋಶವೊಂದು ಕೆಟ್ಟ ದಾರಿ ಹಿಡಿದರೂ ಈ ಲೆಕ್ಕ ಮುಗಿದಾಗ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ನಾವು ತೆರುವ ಬೆಲೆಯೂ ಇದೆ: ವಿಭಜನೆ ನಿಲ್ಲಿಸಿಯೂ ಸಾಯದ ಕೋಶಗಳು ವಯಸ್ಸಾದಂತೆ ಅಂಗಾಂಶಗಳಲ್ಲಿ ಸೇರಿಕೊಂಡು ಉರಿಯೂತ ಹೆಚ್ಚಿಸುತ್ತವೆ. 1998ರಲ್ಲಿ ಆರೋಗ್ಯವಂತ ಮಾನವ ಕೋಶಗಳಿಗೆ ಟೆಲೊಮರೇಸ್ ಸೇರಿಸಿದಾಗ ಅವು ಹೇಫ್ಲಿಕ್ ಮಿತಿಯನ್ನು ದಾಟಿದವು. ಯೌವನ ಮಾರುವವರಿಗೆ ಅಷ್ಟೇ ಸಾಕಾಯಿತು. ಮುಪ್ಪು ತಡೆಯುವುದಾಗಿ ಹೇಳಿ ಮಾರುವ ಯಾವ ಔಷಧಕ್ಕೂ ಪುರಾವೆಯಿಲ್ಲವೆಂದು 2002ರಲ್ಲಿ 51 ವಿಜ್ಞಾನಿಗಳು ಹೇಳಿಕೆ ಕೊಟ್ಟರು. ಅದನ್ನು ಬರೆದವರಲ್ಲಿ ಹೇಫ್ಲಿಕ್ ಒಬ್ಬರು. 2024ರಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಟೆಲೊಮಿಯರ್ ಉದ್ದ ಮಾಡುವ ಮಾತ್ರೆಯ ಜಾಹೀರಾತು ಈಗಲೂ ಕಣ್ಣಿಗೆ ಬೀಳುತ್ತದೆ. ಮೈಯಲ್ಲಿ ಯಾವ ಕೋಶದ ಲೆಕ್ಕ ಅಳಿಸಬೇಕು, ಯಾವುದರದ್ದು ಅಳಿಸಬಾರದು ಎಂದು ಆ ಮಾತ್ರೆಗೆ ಹೇಗೆ ಗೊತ್ತಾಗುತ್ತದೆ ಎಂದು ಮಾರುವವರನ್ನು ಮೊದಲು ಕೇಳಬೇಕು.