ಕುಂಬಳ ಅಂದರೆ ಯಾವ ಕುಂಬಳ?

'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಅನ್ನುವ ಗಾದೆ ನಮಗೆಲ್ಲ ಗೊತ್ತು. ಆದರೆ ಅವನು ಹೆಗಲನ್ನೇ ಯಾಕೆ ಮುಟ್ಟಿ ನೋಡಿಕೊಂಡ? ಕದ್ದ ಕಾಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ, ಸಿಪ್ಪೆಯ ಮೇಲಿನ ಬಿಳಿ ಬೂದಿ ಅಲ್ಲಿ ಅಂಟಿರಬಹುದು ಎಂಬ ಭಯ ಅವನಿಗೆ. ಈಗ ಅದೇ ಕಳ್ಳನ ಹೆಗಲ ಮೇಲೆ ಸಾಂಬಾರಿಗೆ ಹಾಕುವ ಕೇಸರಿ ತಿರುಳಿನ ಸಿಹಿಗುಂಬಳ ಇಟ್ಟು ನೋಡಿ. ಹೆಗಲ ಮೇಲೆ ಸಾಕ್ಷಿ ಬಿಟ್ಟುಹೋಗುವಷ್ಟು ಬೂದಿ ಅದರಲ್ಲಿಲ್ಲ. ಗಾದೆ ಅರ್ಥ ಕಳೆದುಕೊಳ್ಳುತ್ತದೆ.

ಅಂದರೆ ಈ ಗಾದೆ ಹುಟ್ಟಿದಾಗ 'ಕುಂಬಳ' ಎಂದಷ್ಟೇ ಹೇಳಿದರೆ ಅದು ಬೂದುಗುಂಬಳವೇ. ತೆಲುಗಿನಲ್ಲೂ ಇದೇ ಗಾದೆ ಇದೆ, ಅಲ್ಲಿ ಕಳ್ಳ ಕದ್ದದ್ದು 'ಗುಮ್ಮಡಿಕಾಯ'. ಇವತ್ತು ತೆಲುಗರು ಸುಮ್ಮನೆ ಗುಮ್ಮಡಿ ಎಂದರೆ ಸಿಹಿಯದು, ಬೂದಿಯದಕ್ಕೆ 'ಬೂಡಿದ ಗುಮ್ಮಡಿ'. ನಮ್ಮಲ್ಲೂ ಹಾಗೆಯೇ ಆಗಿದೆ. ಹಳೆಯ ಕಾಯಿ ತನ್ನ ಹೆಸರನ್ನು ಹೊಸ ಕಾಯಿಯ ಜೊತೆ ಹಂಚಿಕೊಂಡು, ತಾನು 'ಬೂದು' ಎಂಬ ವಿಶೇಷಣ ಹೊತ್ತುಕೊಂಡಿತು. ಮೊಬೈಲ್ ಬರುವ ಮುಂಚೆ ಮನೆಯ ಫೋನು ಬರೀ ಫೋನು ಆಗಿತ್ತು, ಮೊಬೈಲ್ ಬಂದ ಮೇಲೆ ಅದೇ 'ಲ್ಯಾಂಡ್‌ಲೈನ್' ಆಯಿತಲ್ಲ, ಹಾಗೆ. ಆಯುಧಪೂಜೆಯ ದಿನ ಮಾತ್ರ ಹಳೆಯ ಅರ್ಥ ಮರಳಿ ಬರುತ್ತದೆ. ಅವತ್ತು ಕುಂಬಳಕಾಯಿ ಒಡೆಯೋಣ ಎಂದರೆ ಯಾವುದೆಂದು ಯಾರೂ ಕೇಳುವುದಿಲ್ಲ.

ಈ ಹೆಸರುಗಳ ಗೋಜಲನ್ನು ಒಂದೇ ಕಡೆ ನೋಡಬೇಕೆಂದರೆ ಮಾಟುಂಗದ ತರಕಾರಿ ಮಾರ್ಕೆಟ್ಟಿಗೆ ಬರಬೇಕು. ಬಾಳೆ ಎಲೆ, ಬಾಳೆ ಹೂವು, ಪಡವಲ, ಮಂಗಳೂರು ಸೌತೆ, ಬೂದುಗುಂಬಳದ ಹೋಳು ಎಲ್ಲ ಸಿಗುವ ಜಾಗ. ಇಲ್ಲಿ ಕನ್ನಡ, ತುಳು, ಕೊಂಕಣಿ, ತಮಿಳು, ಮಲಯಾಳ, ಗುಜರಾತಿ, ಮರಾಠಿ ಮಾತಾಡುವವರು ಒಂದೇ ಗಾಡಿಯ ಮುಂದೆ ನಿಲ್ಲುತ್ತಾರೆ. ಮಂಗಳೂರು ಕಡೆಯ ಕೊಂಕಣಿಯವರಿಗೆ 'ದುದ್ದಿ' ಎಂದರೆ ಸಿಹಿಗುಂಬಳ. ಪಕ್ಕದ ಮರಾಠಿ ಹೆಂಗಸಿಗೆ 'ದುಧಿ' ಎಂದರೆ ಸೋರೆಕಾಯಿ. ತಮಿಳರು 'ಪರಂಗಿ' ಎಂದರೆ ಸಿಹಿಗುಂಬಳ, ನಾವು ಪರಂಗಿ ಎಂದರೆ ಪಪ್ಪಾಯಿ. ಮಲಯಾಳಿಗಳು 'ಕುಂಬಳಂಙ' ಎಂದರೆ ಇವತ್ತಿಗೂ ಬೂದುಗುಂಬಳವೇ, ಸಿಹಿಯದಕ್ಕೆ ಅವರು 'ಮತ್ತಙ' ಎಂಬ ಬೇರೆಯೇ ಹೆಸರಿಟ್ಟು ಹಳೆಯದನ್ನು ಕಾಪಾಡಿಕೊಂಡರು. ಮಾರುವವರು ಹೆಚ್ಚಾಗಿ ಎಲ್ಲ ಭಾಷೆಯ ಹೆಸರನ್ನೂ ಬಲ್ಲವರು, ಹಾಗಾಗಿ ಜಗಳವಿಲ್ಲ.

ಇಷ್ಟೊಂದು ಗೋಜಲು ಯಾಕೆಂದರೆ ನಾವು 'ಕುಂಬಳದ ಜಾತಿ' ಎಂದು ಒಟ್ಟಿಗೆ ಸೇರಿಸುವ ಕಾಯಿಗಳು ಬೇರೆಬೇರೆ ಖಂಡಗಳಿಂದ ಬಂದವು. ಬೂದುಗುಂಬಳ, ಸಸ್ಯಶಾಸ್ತ್ರದ ಬೆನಿಂಕಾಸಾ ಹಿಸ್ಪಿಡಾ, ಏಷ್ಯಾದ್ದು. ಸಂಸ್ಕೃತದ 'ಕೂಷ್ಮಾಂಡ' ಇದೇ. ಮರಾಠಿಯ 'ಕೋಹಳಾ' ಆ ಶಬ್ದದಿಂದಲೇ ಬಂದದ್ದು. ಸಿಪ್ಪೆಯ ಮೇಲಿನ ಬೂದಿ ನಿಜವಾಗಿ ಮೇಣ. ಒಳಗಿನ ನೀರು ಆರದಂತೆ ಅದು ತಡೆಯುವುದರಿಂದ ಬಲಿತ ಕಾಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇಡಬಹುದು. ಮಜ್ಜಿಗೆಹುಳಿ, ಕಾಶಿ ಹಲ್ವ, ಆಗ್ರಾದ ಪೇಠಾ ಎಲ್ಲ ಇದರದ್ದೇ.

ಸಿಹಿಗುಂಬಳ ಅಮೆರಿಕ ಖಂಡದ್ದು. ಅಲ್ಲಿನ ಕುಕುರ್ಬಿಟಾ ಕುಲದ ಮೂರು ಪ್ರಭೇದಗಳು ಇವತ್ತು ಜಗತ್ತಿನೆಲ್ಲೆಡೆ ಇವೆ: ಪೆಪೊ, ಮೊಸ್ಕಾಟಾ, ಮ್ಯಾಕ್ಸಿಮಾ. ಮೆಕ್ಸಿಕೋದ ಒಹಾಕಾ ಪ್ರಾಂತ್ಯದ ಗಿಲಾ ನಾಕಿಟ್ಸ್ ಎಂಬ ಗುಹೆಯಲ್ಲಿ ಸಿಕ್ಕ ಪೆಪೊ ಬೀಜಗಳು ಸುಮಾರು 10,000 ವರ್ಷ ಹಳೆಯವೆಂದು ಪುರಾತತ್ವಜ್ಞ ಬ್ರೂಸ್ ಸ್ಮಿತ್ 1997ರಲ್ಲಿ ತೋರಿಸಿದರು. ಅಂದರೆ ಅಲ್ಲಿನವರು ಮೆಕ್ಕೆಜೋಳಕ್ಕಿಂತ ಮುಂಚೆ ಕುಂಬಳ ಬೆಳೆದರು. ಕಾಡುಕುಂಬಳದ ತಿರುಳು ವಿಪರೀತ ಕಹಿ, ಹಾಗಾಗಿ ಮೊದಮೊದಲು ಬೇಕಾಗಿದ್ದದ್ದು ಬೀಜ ಮತ್ತು ಗಟ್ಟಿ ಬುರುಡೆ. ತಿರುಳು ಸಿಹಿಯಾದದ್ದು ತಲೆತಲಾಂತರ ಬೀಜ ಆರಿಸಿದ ರೈತರಿಂದ.

ಯಾವುದು ಯಾವ ಪ್ರಭೇದ ಎಂದು ತಿಳಿಯಲು ಕಾಯಿಯ ಬಣ್ಣ ನೋಡಬಾರದು, ತೊಟ್ಟು ನೋಡಬೇಕು. ಗಟ್ಟಿಯಾಗಿ, ಐದು ಮೂಲೆಗಳಿದ್ದು, ಕಾಯಿಗೆ ಸೇರುವ ಕಡೆ ಪಾದದಂತೆ ಅಗಲವಾದರೆ ಮೊಸ್ಕಾಟಾ. ದುಂಡಗೆ, ದಪ್ಪಗೆ, ಬೆಂಡಿನಂತಿದ್ದರೆ ಮ್ಯಾಕ್ಸಿಮಾ. ಗಟ್ಟಿ ಏಣುಗಳಿದ್ದು ಬುಡದಲ್ಲಿ ಅಗಲವಾಗದಿದ್ದರೆ ಪೆಪೊ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಎರಡು ತಳಿಗಳನ್ನೇ ನೋಡಿ. ಅರ್ಕಾ ಚಂದನ್ ಮೊಸ್ಕಾಟಾ, ಅರ್ಕಾ ಸೂರ್ಯಮುಖಿ ಮ್ಯಾಕ್ಸಿಮಾ. ಮಾಲಿನಲ್ಲಿ 'ಎಕ್ಸಾಟಿಕ್' ಎಂಬ ಚೀಟಿ ಅಂಟಿಸಿ ದುಬಾರಿಗೆ ಮಾರುವ ಬಟರ್‌ನಟ್ ಕೂಡ ಮೊಸ್ಕಾಟಾವೇ, ನಮ್ಮ ಸಿಹಿಗುಂಬಳದ ಒಡಹುಟ್ಟು. ಝುಕಿನಿ ಪೆಪೊ, ಅಂದರೆ ದಾಯಾದಿ. ಒಂದೇ ಮನೆತನದವರು, ಒಬ್ಬರು ಗೋಣಿಚೀಲದಲ್ಲಿ, ಇನ್ನೊಬ್ಬರು ಎ.ಸಿ.ಯಲ್ಲಿ.

1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆಯೇ ಈ ಕಾಯಿಗಳಿಗೆ ಸಮುದ್ರದ ದಾರಿ ತೆರೆದದ್ದು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋಯಿತು. 1534ರ ವಸಯಿ ಒಪ್ಪಂದದಿಂದ ಮುಂಬಯಿಯ ದ್ವೀಪಗಳೂ ಅವರದಾದವು, 1661ರ ರಾಜಮನೆತನದ ಮದುವೆಯ ಒಪ್ಪಂದದಲ್ಲಿ ಇಂಗ್ಲಿಷರಿಗೆ ಬರುವವರೆಗೆ ಅವರದೇ ಆಗಿದ್ದವು. ಪಶ್ಚಿಮ ಕರಾವಳಿಗೆ ಅಮೆರಿಕದ ಬೆಳೆಗಳು ಇಳಿದ ಕಾಲ ಇದು. ಜನ ಅವಕ್ಕೆ ಹೆಸರಿಡುವಾಗ ತಂದವರನ್ನು ನೋಡಿದರು. 'ಪರಂಗಿ' ಎಂದರೆ ಫಿರಂಗಿಯವರದು. ತಮಿಳರು ಆ ಹೆಸರನ್ನು ಕುಂಬಳಕ್ಕೆ ಕೊಟ್ಟರು, ನಾವು ಪಪ್ಪಾಯಿಗೆ ಕೊಟ್ಟೆವು. ಎರಡೂ ಅಮೆರಿಕದವೇ ಆದ್ದರಿಂದ ಇಬ್ಬರೂ ತಪ್ಪಿಲ್ಲ. ದಕ್ಷಿಣ ಕನ್ನಡದ ಕಡೆ ಸಿಹಿಗುಂಬಳಕ್ಕೆ 'ಚೀನಿಕಾಯಿ' ಎನ್ನುತ್ತಾರೆ. ಮೆಕ್ಸಿಕೋ ಕಡೆಯ ಇನ್ನೊಂದು ಕಾಯಿಗೆ ನಾವು 'ಸೀಮೆಬದನೆ' ಎಂದೆವು. ಸೀಮೆಎಣ್ಣೆ, ಸೀಮೆಸುಣ್ಣದ ಹಾಗೆ ಹೊರದೇಶದ್ದು ಎಂದರ್ಥ. ನಮಗೆ ಸೀಮೆಯದಾದ ಅದೇ ಕಾಯಿಗೆ ತಮಿಳರು ಇಟ್ಟ ಹೆಸರು 'ಬೆಂಗಳೂರು ಕತ್ತರಿಕ್ಕಾಯ್'! ಯಾರಿಗೆ ಯಾರ ಕೈಯಿಂದ ಬಂತೋ ಅವರೇ ಅದರ ಊರು.

ಸೋರೆಕಾಯಿಯದು ಇನ್ನೂ ಹಳೆಯ ಪ್ರಯಾಣ. ಅದರ ಮೂಲ ಆಫ್ರಿಕಾ. ಕೊಲಂಬಸ್‌ಗಿಂತ ಸಾವಿರಾರು ವರ್ಷ ಮುಂಚೆಯೇ ಅದು ಅಮೆರಿಕದಲ್ಲೂ ಇತ್ತು. ಒಣಗಿದ ಬುರುಡೆ ಅಟ್ಲಾಂಟಿಕ್ ಸಾಗರದಲ್ಲಿ ತೇಲಿಕೊಂಡೇ ಹೋಗಿರಬೇಕು ಎಂದು 2014ರ ಒಂದು ಡಿಎನ್‌ಎ ಅಧ್ಯಯನ ಹೇಳಿತು. ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವರಿಗೆ ಇದು ಆಶ್ಚರ್ಯವೇನಲ್ಲ. ತಂಬೂರಿಯ ಬುರುಡೆಯೂ ಇದೇ ಕುಟುಂಬದ್ದು. ಪಂಢರಪುರದ ಕಡೆ ಬೆಳೆದ ದೊಡ್ಡ ಬುರುಡೆಗಳು ಮೀರಜಿಗೆ ಹೋಗಿ ತಂಬೂರಿಯಾಗುತ್ತವೆ. ಮಾಟುಂಗದ ಪಕ್ಕದ ಕಿಂಗ್ಸ್ ಸರ್ಕಲ್ಲಿನಲ್ಲಿ 1963ರಲ್ಲಿ ತೆರೆದ ಷಣ್ಮುಖಾನಂದ ಸಭಾಂಗಣದ ವೇದಿಕೆಯಲ್ಲಿ ಶ್ರುತಿ ಹಿಡಿಯುವ ತಂಬೂರಿ, ಮೂಲ ಹುಡುಕಿದರೆ, ಆಫ್ರಿಕಾದ ಬಳ್ಳಿಯ ಕಾಯಿ.

'ನಮ್ಮದು' ಮತ್ತು 'ಹೊರಗಿನದು' ಎಂಬ ಗೆರೆ ಅತ್ಯಂತ ಬಿಗಿಯಾಗಿರುವುದು ದೇವರ ಮತ್ತು ಪಿತೃಗಳ ಅಡುಗೆಯಲ್ಲಿ. ನಮ್ಮ ಮನೆಯಲ್ಲಿ ಶ್ರಾದ್ಧದ ದಿನ ಆಲೂಗಡ್ಡೆ, ಟೊಮೆಟೊ, ಎಲೆಕೋಸು ಅಡುಗೆಮನೆಗೆ ಬರುವಂತಿಲ್ಲ. ಸಿಹಿಗುಂಬಳಕ್ಕೆ ತಡೆಯಿಲ್ಲ. ಇಲ್ಲಿನ ಮರಾಠಿ ಮನೆಗಳಲ್ಲಂತೂ ಪಿತೃಪಕ್ಷದ ಎಲೆಯಲ್ಲಿ 'ಲಾಲ್ ಭೋಪಳಾ'ದ ಪಲ್ಯ ಇರಲೇಬೇಕು. ಇನ್ನು ಮಹಾರಾಷ್ಟ್ರದ ಏಕಾದಶಿಯ ಉಪವಾಸದ ತಟ್ಟೆ ನೋಡಿ. ಸಾಬುದಾನ ಬರುವುದು ಮರಗೆಣಸಿನಿಂದ. ಅದರ ಜೊತೆ ಬಟಾಟೆ, ಶೇಂಗಾ, ಗೆಣಸು, ರಾಜಗಿರಾ, ಹಸಿಮೆಣಸು, ಕೆಂಪು ಭೋಪಳಾ. ಇವೆಲ್ಲದರ ಮೂಲವೂ ಅಮೆರಿಕ ಖಂಡವೇ. ದಿನನಿತ್ಯದ ಅಕ್ಕಿ ಬೇಳೆಯನ್ನು ಬಿಟ್ಟು ವ್ರತ ಮಾಡಿದ ದಿನ ನಾವು ತಿನ್ನುವುದು ಬಹುತೇಕ ಪರಂಗಿಯವರು ತಂದದ್ದನ್ನು. ಇದನ್ನು ಗೇಲಿಗಾಗಿ ಹೇಳುತ್ತಿಲ್ಲ. ಹೊರಗಿನಿಂದ ಬಂದ ಒಂದು ಕಾಯಿ ಕೆಲವು ನೂರು ವರ್ಷಗಳಲ್ಲಿ ಪಿತೃಗಳಿಗೆ ಬಡಿಸುವಷ್ಟು ಮನೆಯದಾಯಿತು ಎನ್ನುವುದು ಸಣ್ಣ ಸಂಗತಿಯಲ್ಲ.

ಮಾಟುಂಗವೂ ಹೀಗೆಯೇ ಬಂದವರ ಊರು. 1896ರ ಪ್ಲೇಗ್ ಮುಂಬಯಿಯನ್ನು ಹಿಂಡಿದ ಮೇಲೆ, ಕಿಕ್ಕಿರಿದ ಹಳೆಯ ಪೇಟೆಯಿಂದ ಜನರನ್ನು ಹೊರಗೆ ಹರಡಲು 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್-ಮಾಟುಂಗದ ಬಡಾವಣೆಗಳು ಅದರ ಯೋಜನೆಗಳು. ಅಲ್ಲಿಗೆ ದಕ್ಷಿಣದ ಗುಮಾಸ್ತರು, ಟೈಪಿಸ್ಟರು, ಅಡುಗೆಯವರು ಬಂದರು. 1926ರಲ್ಲಿ ಮೈಸೂರು ಅಸೋಸಿಯೇಷನ್, 1932ರಲ್ಲಿ ಸೌತ್ ಇಂಡಿಯನ್ ಎಜುಕೇಷನ್ ಸೊಸೈಟಿ, 1933ರಲ್ಲಿ ಕರ್ನಾಟಕ ಸಂಘ ಕಟ್ಟಿಕೊಂಡರು. 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದು ರೈಲ್ವೆ ಸ್ಟೇಷನ್ ಹತ್ತಿರದ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ. ಕೆಳಗೆ ಮಾರ್ಕೆಟ್, ಮೇಲೆ ಬಾಳೆ ಎಲೆಯ ಊಟ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣದವರು, ಉಡುಪಿ ಹೋಟೆಲುಗಳು. ಯಾರು ಮಣ್ಣಿನ ಮಕ್ಕಳು ಎಂಬ ಆ ಪ್ರಶ್ನೆ ಮುಂಬಯಿಯಲ್ಲಿ ಆಗಾಗ ಮೇಲೇಳುತ್ತಲೇ ಇದೆ, ಇತ್ತೀಚೆಗೆ ನಮ್ಮ ಬೆಂಗಳೂರಿನಲ್ಲೂ. ಅಲ್ಲಿ ಕೇಳುವವರು ನಾವು.

ಬೂದುಗುಂಬಳದ ಕಡೆಯಿಂದಲೂ ಯೋಚಿಸಬೇಕು ಎಂದು ನನಗನ್ನಿಸುತ್ತದೆ. ಹೊಸಬರು ಬಂದಾಗ ಹಳಬರಿಗೆ ಏನೂ ನಷ್ಟವಿಲ್ಲ ಎನ್ನುವುದು ಸುಳ್ಳು. ಅದು ತನ್ನ ಹೆಸರಿನ ಏಕಸ್ವಾಮ್ಯ ಕಳೆದುಕೊಂಡಿತು. ಆದರೆ ಬಳ್ಳಿ ಉಳಿಯಿತು, ಮಜ್ಜಿಗೆಹುಳಿ ಉಳಿಯಿತು, ಆಯುಧಪೂಜೆಯ ಜಾಗವೂ ಉಳಿಯಿತು. ಹೊಸತು ಸಾಂಬಾರಿಗೆ, ಗಾರಿಗೆಗೆ ಸೇರಿಕೊಂಡಿತು. ಪಕ್ಕಪಕ್ಕದಲ್ಲಿ ಇರಲು ಇಬ್ಬರಿಗೂ ಬೇಕಾಗಿದ್ದದ್ದು ಒಂದು ವಿಶೇಷಣ ಮಾತ್ರ.

ಈಗ ಬಂದಿರುವ ಅಪಾಯ ಬೇರೆ. ತರಕಾರಿ ತರಿಸುವ ಆ್ಯಪ್‌ಗಳಲ್ಲಿ ಒಂದೊಂದು ಕಾಯಿಗೂ ಒಂದೊಂದು ಇಂಗ್ಲಿಷ್ ಹೆಸರು. ನಮ್ಮ ಐಟಿ ಕೆಲಸದಲ್ಲಿ ಒಂದೇ ವಸ್ತುವಿಗೆ ಹತ್ತು ಹೆಸರಿದ್ದರೆ ಒಂದನ್ನು ಉಳಿಸಿ ಉಳಿದದ್ದನ್ನು ಅಳಿಸುತ್ತೇವೆ, ಅದಕ್ಕೆ ಡೇಟಾ ಶುದ್ಧಿ ಎನ್ನುತ್ತೇವೆ. ಇಲ್ಲಿ ಹಾಗೆ ಅಳಿಸಿಹೋಗುವ ಪರಂಗಿ, ಚೀನಿಕಾಯಿ, ದುದ್ದಿ, ಸೀಮೆಬದನೆಗಳೇ ಇತಿಹಾಸ. ಯಾವ ರಾಜನೂ ಬರೆಸದ, ಅಡುಗೆಮನೆಯವರು ಬರೆದಿಟ್ಟ ದಾಖಲೆ. ಮುಂಬಯಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡದ ಲಿಪಿ ಕಲಿಸಲು ಒದ್ದಾಡುತ್ತೇವೆ. ಒಂದು ಭಾನುವಾರ ಅವರನ್ನು ಮಾಟುಂಗದ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ಬೂದುಗುಂಬಳದ ಮೇಲೆ ಬೆರಳಾಡಿಸಿ ಬೆರಳು ನೋಡಿಕೊಳ್ಳಲು ಹೇಳಿ. ಆಮೇಲೆ ಆ ಕಳ್ಳನ ಕಥೆ ಹೇಳಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.